ಎತ್ತು ಬೆದರಿದ್ದು, ಆರು

…ನಿಂತೇ ಇದ್ದೀಯಲ್ಲ ಬೊಮ್ಮಪ್ಪ, ಕೂತ್ಕೋ. ನಾನು ಪಟೇಲನಾದ್ರೂ ನನ್ನ ಜಗಲಿ ನಿನ್ನನ್ನೇನೂ ಕಚ್ಚಲ್ಲ. ನಿನ್ನ ಎತ್ತು ಸತ್ತಿದ್ದಕ್ಕೆ ನನಗೂ ಬೇಜಾರಿದೆ. ಆದರೆ ಸರ್ಕಾರಕ್ಕೆ ಬೇಜಾರು ಬೇಡ, ಅಂಕಿ ಬೇಕು! ಈ ಹಾಳೆ ನೋಡು. ವರ್ಷದಲ್ಲಿ ನಮ್ಮೂರ ರಸ್ತೆ ಮೇಲೆ ಎಷ್ಟು ಅಪಘಾತ, ಏನು ಕಾರಣ, ಬರೆದು ಮಧುಗಿರಿಗೆ ಕಳಿಸಬೇಕು. ಕೇಳು. ಎತ್ತು ಬೆದರಿದ್ದು, ಆರು. ಗಾಡಿಯವನು ಮಲಗಿದ್ದು, ಎರಡು. ಕುರಿ ಅಡ್ಡ ಬಂದಿದ್ದು, ಒಂದು. ಮೋಟಾರಿನ ತಪ್ಪು, ಸೊನ್ನೆ.

ಯಾಕ್ಲಾ ನಗ್ತೀಯ?

ಸೊನ್ನೆ ಕಣ್ಲಾ! ತಪ್ಪು ಮಾಡೋಕೆ ಮೋಟಾರಿಗೆ ಬುದ್ಧಿ ಎಲ್ಲಿದೆ, ಅದೇನು ಎತ್ತೇ? ಹತ್ತನೇದು ನಿಂದು. ಬರೆದಾಗಿದೆ: ‘ಪಾವಗಡದ ರಸ್ತೆ. ಪಟೇಲ್ ನಂದೀಶ್ವರಯ್ಯನ ಮೋಟಾರು. ಗಾಡಿಯವನು ಮಲಗಿದ್ದ, ಎತ್ತು ಬೆದರಿ ಅಡ್ಡ ಬಂತು.’ ಒತ್ತು ಹೆಬ್ಬೆಟ್ಟು.

ಯಾಕೆ, ಮಲಗಿರಲಿಲ್ವಾ? ಸಂತೆಯಿಂದ ಬರುವಾಗ ನೀವೆಲ್ಲ ಬಿಸಿಲಿಗೆ ಕಂಬಳಿ ಮುಸುಕೆಳೆದು ಮಲಗೋದು, ಎತ್ತುಗಳೇ ದಾರಿ ಹಿಡಿದು ಮನೆ ಮುಟ್ಟಿಸೋದು. ಊರಿಗೆಲ್ಲ ಗೊತ್ತು. ಪಾಪ, ಮೋಟಾರಿಗೆ ಆ ವಿದ್ಯೆ ಬರಲ್ಲ. ಯಾರಾದರೂ ಹೊಡೀಲೇಬೇಕು.

ಏನು ಅಂಗೆ ನೋಡ್ತೀಯ? ಹೊಡೀತಿದ್ದವನು ಡ್ರೈವರ್ ರುದ್ರಯ್ಯ, ಇನ್ಯಾರು? ಬೆಂಗಳೂರು ದಂಡಿನಲ್ಲಿ ಹುಟ್ಟಿ ಬೆಳೆದವನು. ಎತ್ತಿನ ಮೂಗುದಾರ ಮುಟ್ಟಿದವನಲ್ಲ, ಹಗ್ಗ ಹಿಡಿದವನಲ್ಲ. ನಿನ್ನೆಯೇ ಊರಿಗೆ ಹೋದ… ಜ್ವರ ಅಂತೆ.

ಆದದ್ದು ಹೇಳ್ತೀನಿ, ನೀನೇ ತೀರ್ಮಾನ ಮಾಡು. ಇಳಿಜಾರು. ಮೋಟಾರು ಗಾಳಿ ಹಂಗೆ ಬರ್ತಾ ಇದೆ. ತಿರುವಿನಲ್ಲಿ ನಿನ್ನ ಗಾಡಿ! ರುದ್ರಯ್ಯ ಸ್ಟೇರಿಂಗ್ ಚಕ್ರವನ್ನ ಎರಡೂ ಕೈಲಿ ಹಿಡಿದು ಎದೆಗೆ ಎಳೆದ. ಇಂಗೆ… ಬೆನ್ನು ಹಿಂದಕ್ಕೆ ವಾಲಿಸಿ… ‘ಹೋ! ಹೋಹೋ! ನಿಲ್ಲೋ ಬಸವಾ!’ ಅಂತ ಗಂಟಲು ಹರಿಯೋ ಹಂಗೆ ಕೂಗಿದ. ಎಳೆದಷ್ಟೂ ಓಡ್ತು, ಮುಂಡೇದು!

…ನಗು ಯಾಕೆ ನಿಂತೋಯ್ತು?

ಬ್ರೇಕಾ? ಬ್ರೇಕು ಇರೋದು ಕಾಲ ಹತ್ತಿರ ಅಂತ ರುದ್ರಯ್ಯ ಹೇಳಿಕೊಟ್ಟಿದ್ದ… ಅಲ್ಲ, ಅವನಿಗೆ ಗೊತ್ತು ಅಂದೆ. ಗಾಬರಿಲಿ ಯಾರಿಗೆ ತಾನೇ…

ನನ್ನ ಕೈ ಯಾಕ್ಲಾ ನೋಡ್ತೀಯ?

ಇಳಿಸಿದೆ, ಆಯ್ತಾ? ಕೈ ಇಳಿಸಿದೆ.

ಬೈಯೋದಿದ್ದರೆ ಬೈಯಿ. ಬಿತ್ತನೆ ಹತ್ತಿರ ಬಂತು, ಒಂಟಿ ಎತ್ತಲ್ಲಿ ನೀನು ಹೊಲ ಉಳೋಕೆ ಆಗಲ್ಲ ಅಂತ ನನಗೇನು ಗೊತ್ತಿಲ್ವಾ…

ಕೊಡು ಹಾಳೆ ಇತ್ಲಾಗೆ. ಹೆಬ್ಬೆಟ್ಟು ಬೇಡ. ಹಟ್ಟಿಲಿ ನನ್ನ ಜೋಡಿ ಎತ್ತು ಕಟ್ಟಿದೆ, ಯಾವುದು ಬೇಕೋ ಬಿಚ್ಕೊಂಡು ಹೋಗು. ಎರಡೂ ಮಾತು ಕೇಳ್ತವೆ.

ನಲವತ್ತು ವರ್ಷ ಗಾಡಿ ಹೊಡೆದ ಕೈ ಕಣಪ್ಪ ಇದು. ಎಳೆದರೆ ನಿಲ್ಲದೇ ಇದ್ದದ್ದು, ಅವತ್ತಿನವರೆಗೂ, ಒಂದೂ ಇರಲಿಲ್ಲ.