ಕಳುವಾದ ಪುಸ್ತಕಗಳು ಕಪಾಟಿನಲ್ಲೇ ಇದ್ದ ಬಗ್ಗೆ

ನನ್ನ ಹೆಸರು ಪ್ರಫುಲ್ಲಾ ಶೆಟ್ಟಿಗಾರ್, ವಯಸ್ಸು 44 ವರ್ಷ, ಉದ್ಯೋಗ ಖಾಸಗಿ ಶಾಲೆಯಲ್ಲಿ ಗ್ರಂಥಪಾಲಕಿ, ಹಾಲಿ ವಾಸ ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಬುಧಾಬಿ, ಸ್ವಂತ ಊರು ಮೂಲ್ಕಿ. ನಾನು ಹೇಳಿದ್ದನ್ನು ಭಾಷಾಂತರಕಾರರಾದ ಮಮ್ಮು ಅವರು ಕನ್ನಡದಲ್ಲಿ ಬರೆದುಕೊಂಡು ಅಧಿಕಾರಿಗಳಿಗೆ ಅರಬ್ಬಿಯಲ್ಲಿ ತಿಳಿಸುತ್ತಿದ್ದಾರೆ. ನಾನು ಈ ಮೂಲಕ ಬರೆಸುವುದೇನೆಂದರೆ,

ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಕೆಲಸಕ್ಕಿರುವುದು ನಾನು ಮತ್ತು ನಕಾಟೊ ಇಬ್ಬರೇ. ನಕಾಟೊ ಉಗಾಂಡಾ ದೇಶದವಳು, ವಯಸ್ಸು 29. ನಾನು ಮಂಗಳೂರಿನಲ್ಲಿ ಓದಿದ ಗ್ರಂಥಾಲಯ ವಿಜ್ಞಾನವನ್ನೇ ಅವಳು ಕಂಪಾಲಾದಲ್ಲಿ ಓದಿದ್ದಾಳೆ. ಆದರೆ ನಾನು ಗ್ರಂಥಪಾಲಕಿ, ಅವಳು ಸಹಾಯಕಿ. ಅತಿಥಿಗಳು ಬಂದರೆ ಅವಳು ಹಿಂದಿನ ಕೋಣೆಯಲ್ಲಿರಬೇಕು ಎಂದು ಶಾಲೆಯ ಆಡಳಿತ ವ್ಯವಸ್ಥಾಪಕರಾದ ಕೀರ್ತನ್ ಅವರ ಆದೇಶವಿದೆ. ಯಾಕೆ ಎಂದು ಕೇಳಿದ್ದಕ್ಕೆ, ಪೇರೆಂಟ್ಸ್ ಎಂತಾದ್ರೂ ಕೇಳ್ತಾರೆ ಮೇಡಂ ಎಂದಿದ್ದರು. ಏನು ಕೇಳುತ್ತಾರೆ ಎಂಬುದನ್ನು ಇವತ್ತಿನವರೆಗೂ ಹೇಳಿಲ್ಲ.

ಗ್ರಂಥಾಲಯದ ಬಾಗಿಲ ಪಕ್ಕ 'ವಿಶ್ವ ಸಂಸ್ಕೃತಿ' ಎಂಬ ಬೋರ್ಡಿನ ಕಪಾಟೊಂದಿದೆ. ಆಫ್ರಿಕಾ, ಅರಬ್ ನಾಡು, ನಮ್ಮ ದೇಶ, ಹೀಗೆ ಬಿಳಿಯರಲ್ಲದವರು ಬರೆದದ್ದನ್ನೆಲ್ಲ ಕಂದು ಚೀಟಿ ಅಂಟಿಸಿ ಅಲ್ಲಿಗೆ ತುಂಬಲಾಗಿತ್ತು. ಆಫ್ರಿಕಾಕ್ಕೆ ಬೇಟೆಗೆ ಹೋಗಿ ಬಂದ ಇಂಗ್ಲಿಷ್ ದೊರೆ ಬರೆದ ಕಾದಂಬರಿ ಕಾದಂಬರಿಗಳ ಸಾಲಿನಲ್ಲಿ. ಅಲ್ಲೇ ಹುಟ್ಟಿ ಬೆಳೆದವಳು ಬರೆದ ಕಾದಂಬರಿ ಬಿರಿಯಾನಿ ಪುಸ್ತಕದ ಪಕ್ಕ. ಇದು ಯಾವ ವರ್ಗೀಕರಣ ಎಂದು ನಕಾಟೊ ಕೇಳಿದಳು. ದಿನಾಂಕ 14-04-2016ರ ಗುರುವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ನನ್ನ ಆದೇಶದಂತೆ, ನಾವಿಬ್ಬರೂ ಸೇರಿ ಆ ಕಪಾಟಿನ 96 ಕಾದಂಬರಿಗಳನ್ನು ಕಾದಂಬರಿಗಳ ಸಾಲಿಗೆ ಸೇರಿಸಿದೆವು. ಕೂದಲು ಒಣಗಿಸುವ ನನ್ನ ಮನೆಯ ಡ್ರೈಯರಿನಿಂದ ಬಿಸಿ ಮಾಡಿ ಚೀಟಿಗಳನ್ನು ಕಿತ್ತೆವು. ನಕಾಟೊ ಕಂಪ್ಯೂಟರಿನಲ್ಲೂ ಜಾಗ ಬದಲಿಸಿದಳು. ಅಡುಗೆ ಪುಸ್ತಕಗಳೂ ಅವುಗಳ ಜಾಗಕ್ಕೆ ಹೋದವು.

ಶುಕ್ರವಾರ, ಶನಿವಾರದ ವಾರದ ರಜೆ ಮುಗಿದು ಇಂದು ಭಾನುವಾರ ಶಾಲೆ ತೆರೆದಿತ್ತು. ಬೆಳಿಗ್ಗೆ ನಾನು ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿದ್ದು, ಫೋನ್ ಸೈಲೆಂಟಿನಲ್ಲಿತ್ತು. 9.30ರ ಸುಮಾರಿಗೆ ಕೀರ್ತನ್ ಅವರು ಅತಿಥಿಗಳಿಗೆ ವಿಶ್ವ ಸಂಸ್ಕೃತಿ ತೋರಿಸಲು ಬಂದು ಖಾಲಿ ಕಪಾಟು ನೋಡಿದ್ದಾರೆ. ನಂತರ ನಡೆದದ್ದನ್ನು ಅಲ್ಲೇ ಇದ್ದ ಆರನೇ ತರಗತಿಯ ಶಿಕ್ಷಕಿ ಸುಪ್ರೀತಾ ನನಗೆ ತಿಳಿಸಿದರು. ಪುಸ್ತಕಗಳು ಆರು ಮೀಟರ್ ಆಚೆ ಕಾದಂಬರಿಗಳ ಸಾಲಿನಲ್ಲಿವೆ, ಲೇಖಕರ ಹೆಸರಿನ ಅಕ್ಷರಕ್ರಮದಲ್ಲಿ ನೋಡಿ ಎಂದು ನಕಾಟೊ ಇಂಗ್ಲಿಷಿನಲ್ಲಿ ಹೇಳಿದಳಂತೆ. ಆ ಬುಕ್ಕೆಲ್ಲ ಅಲ್ಲಿ ಯಾಕೆ ಇರ್ತದೆ, ಕಥೆ ಕಟ್ಟುದು ಬೇಡ ಎಂದು ಕೀರ್ತನ್ ಸುಪ್ರೀತಾರ ಕಡೆ ತಿರುಗಿ ಹೇಳಿದರಂತೆ. ಆರು ಮೀಟರ್ ನಡೆಯುವ ಬದಲು ಪೊಲೀಸರಿಗೆ ಫೋನ್ ಮಾಡಿದರು. ಮಕ್ಕಳ ಎದುರಿಗೇ ನಕಾಟೊಳ ಬ್ಯಾಗ್ ತೆರೆಸಿದರು. ಅದರಲ್ಲಿ ಒಂದು ಜೊತೆ ಸಾಕ್ಸ್, ಅವಳ ತಾಯಿಯ ಫೋಟೊ, ಊಟದ ಡಬ್ಬಿ ಇದ್ದವು. ಡಬ್ಬಿಯ ಮುಚ್ಚಳವನ್ನೂ ತೆಗೆಸಿದರು. ತೊಂಬತ್ತಾರು ಕಾದಂಬರಿ ಊಟದ ಡಬ್ಬಿಯಲ್ಲಿ ಹೇಗೆ ಹಿಡಿಯುತ್ತವೆ ಎಂದು ಯಾರೂ ಕೇಳಲಿಲ್ಲ. ಇದನ್ನು ಕೇಳಿ ನನಗೆ ಮೈ ಉರಿದು ಹೋಯಿತು, ಹಾಗೆಂದೇ ಬರೆದುಕೊಳ್ಳಿ ಎಂದು ಮಮ್ಮು ಅವರಿಗೆ ಹೇಳಿದ್ದೇನೆ.

ನಾನು 12.10ಕ್ಕೆ ಶಾಲೆಗೆ ಬಂದಾಗ ನಕಾಟೊಳನ್ನು ಠಾಣೆಗೆ ಕರೆತರಲಾಗಿತ್ತು. ಶಾಲೆಯಲ್ಲಿದ್ದ ಪೊಲೀಸ್ ಅಧಿಕಾರಿಯವರಿಗೆ ಕಾದಂಬರಿಗಳ ಸಾಲು ತೋರಿಸಿದೆ. ಅವರು ತಾಳ್ಮೆಯಿಂದ ನನ್ನೊಂದಿಗೆ ನಿಂತು ಒಂದೊಂದನ್ನೇ ಎಣಿಸಿದರು. 95 ಪುಸ್ತಕಗಳು ಸಿಕ್ಕಿದವು. ಒಂದು ಸಿಗಲಿಲ್ಲ.

ಆಗ ಕೀರ್ತನ್ ಅವರ ಮುಖ ಅರಳಿತು. ಅವರು ನನ್ನ ಕಡೆ ತಿರುಗಿ, ನಾನು ಹೇಳಿದೆನಲ್ಲ, ಇವರನ್ನೆಲ್ಲ ನಂಬ್ಲಿಕ್ಕೆ ಆಗುದಿಲ್ಲ, ಒಂದಾದರೇನು, ಕಳ್ಳತನ ಕಳ್ಳತನವೇ, ದೂರು ಹಿಂದಕ್ಕೆ ತಕೊಳ್ಳುದಿಲ್ಲ, ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸ್ತೇನೆ ಎಂದರು. ಯಾವ ಪುಸ್ತಕ ಎಂದು ಪಟ್ಟಿ ನೋಡಿದೆ. ಜಾಂಜಿಬಾರಿನ ಲೇಖಕಿಯೊಬ್ಬರ ಪತ್ತೇದಾರಿ ಕಾದಂಬರಿ.

ನಾನು ನನ್ನ ಕೈಚೀಲವನ್ನು ಮೇಜಿನ ಮೇಲಿಟ್ಟು ಆ ಪುಸ್ತಕವನ್ನು ಹೊರತೆಗೆದೆ. ಪಾಸ್‌ಪೋರ್ಟ್ ಕ್ಯೂನಲ್ಲಿ ಓದಲೆಂದು ಗುರುವಾರ ಸಂಜೆ ಹಾಕಿಕೊಂಡಿದ್ದೆ, ನನ್ನ ಹೆಸರಿಗೆ ನಮೂದಿಸಿರಲಿಲ್ಲ.

ಕೀರ್ತನ್ ಅವರು ನಕ್ಕರು. ಅಯ್ಯೋ, ನೀವು ಓದ್ಲಿಕ್ಕೆ ತಕೊಂಡು ಹೋದದ್ದಲ್ವಾ ಮಾರಾಯ್ರೆ, ಅದಕ್ಕೆಲ್ಲ ಎಂತ ಕೇಸ್ ಉಂಟು, ಖಲಾಸ್ ಎಂದು ನನಗೆ ಚಹಾ ತರಿಸಲು ಹೇಳಿದರು. ಇದೇ ಪುಸ್ತಕ ನಕಾಟೊಳ ಬ್ಯಾಗಿನಲ್ಲಿ ಸಿಕ್ಕಿದ್ದರೆ ಅವಳಿಗೂ ಚಹಾ ಬರುತ್ತಿತ್ತೇ ಎಂದು ಕೇಳಿದೆ. ಅದು ಬೇರೆ ವಿಷಯ ಮೇಡಂ ಎಂದರು. ನಾನು ಚಹಾ ಕುಡಿಯಲಿಲ್ಲ. ಪುಸ್ತಕ ಹಿಡಿದುಕೊಂಡು ನಾನೇ ಕಾರು ಓಡಿಸಿಕೊಂಡು ಠಾಣೆಗೆ ಬಂದೆ.

ಪುಸ್ತಕಗಳ ಜಾಗ ಬದಲಿಸಲು ಆದೇಶ ಕೊಟ್ಟವಳು ನಾನು. ಗ್ರಂಥಾಲಯದಿಂದ ಹೊರಗೆ ಹೋದ ಒಂದೇ ಒಂದು ಪುಸ್ತಕವನ್ನು ಒಯ್ದವಳೂ ನಾನು. ನಕಾಟೊ ಏನನ್ನೂ ಒಯ್ದಿಲ್ಲ. ಅವಳು ಈಗ ಈ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಳೆ. ನಾನು ಮಾಡಿದ್ದು ಕಳ್ಳತನವಲ್ಲವಾದರೆ ದೂರಿನಿಂದ ಅವಳ ಹೆಸರನ್ನು ತೆಗೆಯಿರಿ, ಕಳ್ಳತನವಾದರೆ ಅಲ್ಲಿ ನನ್ನ ಹೆಸರು ಬರೆಯಿರಿ.

ಮಮ್ಮು ಅವರು ಇದನ್ನು ನನಗೆ ಓದಿ ಹೇಳಿದ್ದಾರೆ. ಇದರಲ್ಲಿರುವುದೆಲ್ಲ ನಾನು ಹೇಳಿದ್ದೇ, ನಿಜವಾದದ್ದೇ. ಇಲ್ಲಿಂದ ಹೋಗಬಹುದು ಎಂದು ಅಧಿಕಾರಿಗಳು ಎರಡು ಸಲ ಹೇಳಿದ್ದಾರೆ. ನಕಾಟೊಳನ್ನು ಬಿಡುವವರೆಗೆ ಹೋಗುವುದಿಲ್ಲ ಎಂದು ತಿಳಿಸಿ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಅಬುಧಾಬಿ
ದಿನಾಂಕ: 17-04-2016
ಸಹಿ: ಪ್ರಫುಲ್ಲಾ ಶೆಟ್ಟಿಗಾರ್