ಎಡಗಡೆಯ ಆರು ಪದರ

ಹಲೋ... ಯಾರ್ ಮಾತಾಡೋದ್ರಿ?... ಜರಾ ಜೋರ ಹೇಳ್ರಿ, ಮಷೀನ್ ನಡದದ... ಹಾಂ, ಜಯಮಾಲಾ ಅಕ್ಕಾರ! ತಡೀರಿ, ನಿಲ್ಲಸ್ತೀನಿ.

ಹುಮನಾಬಾದದ ಮುನ್ನಿ ಬೀ ಹೊಲಿಗೆ ಮಷೀನಿನ ಪೆಡಲಿನಿಂದ ಕಾಲು ತೆಗೆದಳು. ಬಸವಕಲ್ಯಾಣದಲ್ಲಿ ಓಣಿಗೊಬ್ಬ ದರ್ಜಿ ಇದ್ದರೂ, ಅಲ್ಲಿನ ಬಟ್ಟೆ ಅಂಗಡಿ ಗುರುಲಿಂಗ ಸಾಹುಕಾರರ ಹೆಂಡತಿ ಜಯಮಾಲಾ ಜಂಪರ ಹೊಲಿಸಲು ಬಸ್ಸು ಹತ್ತಿ ಇಲ್ಲಿಗೇ ಬರುವವಳು. ಹನ್ನೊಂದು ವರ್ಷದ ಹಿಂದೆ ಗಡ್ಡೆಯಾಗಿ ಅವಳ ಎಡಗಡೆಯ ಮೊಲೆ ತೆಗೆದು, ಆ ಜಾಗದಲ್ಲಿ ಸಿಲಿಕಾನಿನ ಚೀಲ ಕೂಡಿಸಿದ್ದರು. ಆ ಸಂಗತಿ ಗಂಡನನ್ನು ಬಿಟ್ಟರೆ ಮುನ್ನಿ ಬೀಗೆ ಮಾತ್ರ ಗೊತ್ತು. ದೀಪಾವಳಿ ಹೊತ್ತಿಗೆ ಚೀಲ ಒಳಗೇ ಹರಿದು, ಡಾಕ್ಟರರು ತೆಗೆದುಹಾಕಿದ್ದರು. ಗಾಯ ಮಾಯಲು ಮೂರು ತಿಂಗಳು. ಈಗ ಹೊಸದು ಹಾಕಿಸಿಕೊಳ್ಳಲು ಜಯಮಾಲಾ ಹೈದರಾಬಾದಿನ ಆಸ್ಪತ್ರೆಯಲ್ಲಿ ಇದ್ದಳು.

ಭರ್ತಿ ಆದ್ರಿ?... ನಾಳಿ ಮುಂಜಾನೆ ಏಳಕ್ಕ? ಲಗೂನೇ ಅದ.

...

ಹನ್ನೊಂದು ವರ್ಷ ಬಾಳಿಕಿ ಬಂತಲ್ರಿ. ನನ್ನ ಮಷೀನಿನ ಬೆಲ್ಟ್ ವರ್ಷಾ ಹರೀತದ... ಕಂಪನಿಯವ್ರು ಬದಲಿ ಕೊಡಂಗಿಲ್ಲೇನು?... ಇಲ್ಲಾ. ಹಂಗಾದ್ರ ಅದೂ ಬೆಲ್ಟಿನಂಗೇ.

...

ಸಾಹುಕಾರ್ರು ಬ್ಯಾಡ ಅಂದ್ರಾ? ಐವತ್ತೆರಡಕ್ಕ ಯಾರ್ ನೋಡ್ತಾರ ಅಂದ್ರಾ?... ಹೋದ ವರ್ಷ ಅವರು ಹಲ್ಲಿನ ಸೆಟ್ ಹೊಸಾದು ಮಾಡಿಸಿದ್ರಲ್ರಿ. ಅದನ್ನ ಯಾರ್ ನೋಡ್ತಾರಂತ?

...

ಅಳತಿ?... ಡಾಕ್ಟರ್ ನಿಮಗೇ ಕೇಳಿದ್ರಾ?... ಸಿಸಿ ಅಂದ್ರ? ಹಾಂ, ಔಷಧದ ಲೆಕ್ಕ. ನಂದು ಇಂಚಿನ ಲೆಕ್ಕ ಅಕ್ಕಾರ, ನನಗೇನ್ ತಿಳೀತದ.

...

ಸಣ್ಣದು, ನಡುವಿಂದು, ದೊಡ್ಡದು, ಮೂರು ಮಾದರಿ ಕೊಟ್ರು... ಹಾಂ... ಒಳಗ ಇಟ್ಕೊಂಡು, ಮ್ಯಾಲ ಜಂಪರ ತೊಟ್ಟು ಕನ್ನಡಿ ಮುಂದ ನಿಂದ್ರಂದ್ರು. ಶಾಣ್ಯಾ ಡಾಕ್ಟರ್... ನಡುವಿಂದು ಸಮಾ ಕೂತ್ತು? ಹಳೇದರಷ್ಟೇ ಅಂದಂಗಾತು.

...

ಯಾವ ಜಂಪರ ತೊಟ್ಟಿದ್ರಿ?

...

ಬಾದಾಮಿ ಬಣ್ಣದ್ದು. ನನಗ ಅಳತಿಗಿ ಕೊಡೋದು.

ಈ ಕಡೆಯ ಹೆಂಗಸರು ಮೈಗೆ ಟೇಪು ಹಿಡಿಸಿಕೊಳ್ಳುವುದು ಕಡಿಮೆ. ಸರಿಯಾಗಿ ಕೂತ ಹಳೆಯ ಜಂಪರವೊಂದನ್ನು ಅಳತೆಗೆಂದು ಕೊಟ್ಟು ಹೋಗುತ್ತಾರೆ. ಅದು ಹೇಳಿದ್ದೇ ಮಾತು. ಬಾದಾಮಿ ಜಂಪರವನ್ನು ಹೊಲಿದ ಮುನ್ನಿ ಬೀಗೆ ಮಾತ್ರ ಅದು ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ ಎಂಬುದು ಗೊತ್ತಿತ್ತು. ಅವಳು ಬಾಯಲ್ಲಿದ್ದ ದಾರ ತೆಗೆದಿಟ್ಟಳು.

ಅಕ್ಕಾರ, ಆ ಜಂಪರ ನಂಬಬ್ಯಾಡ್ರಿ.

...

ಒಳಗಿನ ಅಸ್ತರ ಎರಡೂ ಕಡಿ ಅದ, ಖರೆ. ಬಲಕ್ಕ ಒಂದು ಪದರ... ಎಡಕ್ಕ ಆರು.

...

ಆರು ರಿ. ಏಳು ವರ್ಷದಿಂದ. ಮೊದಲ ಎರಡು ಹಾಕಿದ್ದೆ, ಆಮ್ಯಾಲ ನಾಕು, ಈಗ ಆರು... ನೀವು ಮೈ ತುಂಬಕೊಂಡ್ರಿ, ಬಲಗಡಿದು ನಿಮ್ಮ ಸಂಗಾಟ ಬೆಳೀತು. ಎಡಗಡಿದು ಕಂಪನಿ ಮಾಲು, ಇದ್ದಷ್ಟೇ ಇತ್ತು.

...

ಹೌದ್ರಿ, ಹೇಳ್ಬೇಕಿತ್ತು... ಆ ವರ್ಷ ನಿಮಗ ಎರಡು ದಿನ ಕೆಮ್ಮು ಬಂದ್ರ ತಿರುಗಿ ಗಡ್ಡಿ ಅಂತ ಅಂಜಿ ಸೋಲಾಪುರಕ್ಕ ಹೋಗಿ ಎಕ್ಸ್‌ರೇ ತಗಿಸಿದ್ರಿ. ಒಂದು ಕಡಿ ದಪ್ಪ ಆಗ್ಯದ ಅಂತ ನಾ ಹ್ಯಾಂಗ ಹೇಳ್ಲಿ?

...

ಬಯ್ರಿ. ಕೇಳಾಕತ್ತೇನಿ.

...

ಹಾಂ.

...

ಅದೂ ಖರೆ.

...

ಇಲ್ರಿ, ಯಾರಿಗೂ ಗೊತ್ತಿಲ್ಲ. ನಮ್ಮವರಿಗೂ ಇಲ್ಲ. ಅವರು ಗುಂಡಿ ಹಚ್ಚತಾರ ಅಷ್ಟ, ಒಳಗ ನೋಡಂಗಿಲ್ಲ.

...

ಬೈಯೋದು ಮುಗೀತಾ? ಈಗ ನಾ ಹೇಳೋದು ಕೇಳ್ರಿ. ನಾಳಿ ನಡುವಿಂದು ಹಾಕಿಸಿಕೊಂಡ್ರ, ಇನ್ನ ಹನ್ನೊಂದು ವರ್ಷ ನನ್ನ ಆರು ಪದರ ಬೇಕಾಗ್ತಾವ. ಪದರ ಹಾಕೇನು, ಕಣ್ಣು ಅಷ್ಟು ವರ್ಷ ನಡ್ಯಾಂಗಿಲ್ಲ... ಸೂಜಿಗಿ ದಾರ ಪೋಣಿಸಾಕ ಈಗೇ ಮೂರ್ ಸಲ ಎಂಜಲ ಹಚ್ಚತೀನಿ.

...

ಕತ್ತರಿ ಅದ ಏನ್ರಿ ಅಲ್ಲಿ?... ದವಾಖಾನ್ಯಾಗ ಕತ್ತರಿ ಇಲ್ಲಂದ್ರ ಹ್ಯಾಂಗ. ಸಿಸ್ಟರ್‌ಗಿ ಕೇಳ್ರಿ. ಎಡಗಡಿ ಬಗಲ ಕೆಳಗ ಬಿಚ್ರಿ, ಕೈಹೊಲಿಗಿ ಅದ, ತುದಿ ಕತ್ತರಿಸಿ ಎಳದ್ರ ಬರ್ತದ. ಐದು ತಗೀರಿ, ಒಂದು ಬಿಡ್ರಿ. ಮೂರೂ ಮಾದರಿ ತಿರುಗಿ ಇಟ್ಟು ನೋಡ್ರಿ... ಫೋನ್ ಇಡಬ್ಯಾಡ್ರಿ. ಸಿಸ್ಟರ್ ಕೈಯಾಗ ಕೊಡ್ರಿ.

...

ಹಲೋ, ನಮಸ್ಕಾರ ಸಿಸ್ಟರ್... ನಾನಾ? ಟೇಲರ್ ರಿ... ಇಲ್ಲ, ಸಂಬಂಧ ಏನಿಲ್ಲ. ಟೇಲರ್... ಹೌದ್ರಿ, ಜಂಪರದ ವಿಷಯನೇ. ನಗಬ್ಯಾಡ್ರಿ, ಅವರು ಅಲ್ಲೇ ಅದಾರ.

ಆ ಕಡೆ ಪರದೆ ಎಳೆದ ಸಪ್ಪಳ ಕೇಳಿಸಿತು. ಮುನ್ನಿ ಬೀ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಯಾರದೋ ಜಂಪರದ ಗುಂಡಿಗಳಿಗೆ ಎರಡು ಕಾಜ ಮುಗಿಸಿದಳು. ಮೂರನೆಯದಕ್ಕೆ ಸೂಜಿ ಚುಚ್ಚಿ ಹಾಗೇ ಬಿಟ್ಟಳು.

ಹಾಂ, ಅದೀನಿ... ನಡುವಿಂದು ಸಣ್ಣದಾತು? ಎಷ್ಟು?... ಕಣ್ಣಿಗಿ ಕಾಣ್ತದ ಅಂದ್ರಾ. ಕಾಣಲೇಬೇಕು... ದೊಡ್ಡದು ಇಟ್ಟು, ಸೆರಗು ಇಳಿಸಿ ನಿಂದ್ರಸ್ರಿ. ಬಗ್ಗಿಸಿ ನೋಡ್ರಿ, ಕೈ ಎತ್ತಿಸ್ರಿ.

...

ಸಮಾ ಅದ?... ಜಗ್ಗಾಕತ್ತಿಲ್ಲಲ್ಲ?... ಸಮಾ.

...

ಬರಕೊಳ್ರಿ ಸಿಸ್ಟರ್. ದೊಡ್ಡದಂತ ಬರಕೊಳ್ರಿ... ಹೌದ್ರಿ, ಡಾಕ್ಟರ್ ಮತ್ತೊಮ್ಮೆ ನೋಡಿಯೇ ಹಾಕ್ಲಿ. ನಾನೂ ಪೂರಾ ಹೊಲಿಯೋಕಿಂತ ಮೊದಲ ಒಮ್ಮೆ ತೊಡಿಸಿ ನೋಡ್ತೀನಿ... ಅವರಿಗಿ ಕೊಡ್ರಿ.

...

ಅಕ್ಕಾರ?... ಹಾಂ, ಪದರಾ. ನೀವು ಬಟ್ಟಿ ಅಂಗಡಿಯವ್ರು, ಕೈಯಿಟ್ರ ತಿಳೀತದ. ಮಲಮಲ್ ರಿ... ಹೌದು, ತಲಿಮ್ಯಾಲಿನ ಓಢಣಿದೇ. ನಂದೇ. ಅಂಗಡ್ಯಾಗಿನ ಅಸ್ತರ ನಿಮಗ ತುರಿಸ್ತದಲ್ಲ... ಹೊಸ ಓಢಣಿ ಏನ್ ಬ್ಯಾಡ್ರಿ. ಸುಮ್ಮನಿರ್ರಿ.

...

ಏನು, ಕಸಕ್ಕ ಹಾಕ್ತೀರಿ? ಬ್ಯಾಡ್ರಿ, ಒಗದು ಮಡಚಿ ತರ್ರಿ. ಇಲ್ಲಿ ಇನ್ನೊಬ್ಬರಿಗಿ ಬೇಕಾಗ್ಯಾವ.

...

ಯಾರಿಗಿ ಅಂತ ಕೇಳ್ತೀರಲ್ಲ ಅಕ್ಕಾರ, ನಿಮ್ಮದು ನಾ ಹನ್ನೊಂದು ವರ್ಷ ಯಾರಿಗಾರ ಹೇಳೀನೇನು?