ಹುಚ್ಚುಗೋಡೆಯ ಆಚೆ ಬದಿ

ಹತ್ತಿರ ಬನ್ನಿ, ಹತ್ತಿರ ಬನ್ನಿ. ದೂರ ಕೂತವರಿಗೆ ಬರೀ ಗಾಳಿ ಕೇಳುತ್ತದೆ, ಕಥೆ ಕೇಳುವುದಿಲ್ಲ. ನಾನು ಹೇಳಬೇಕು, ನೀವು ಹೂಂ ಅನ್ನಬೇಕು. ನಿಮ್ಮ ಹೂಂ ನಿಂತಲ್ಲಿ ನನ್ನ ಕಥೆಯೂ ನಿಂತೀತು, ಮತ್ತೆ ನನ್ನ ದೂರಬೇಡಿ.

ಯಾವ ಕಾಲವೋ, ಯಾವ ಸೀಮೆಯೋ. ದಡದಿಂದ ಕೂಗಿದರೆ ಕೇಳದಷ್ಟು ದೂರ, ಕಣ್ಣಿಗೆ ಕೈ ಅಡ್ಡ ಹಿಡಿದರೆ ಕಾಣುವಷ್ಟು ಹತ್ತಿರ, ಕಡಲಲ್ಲಿ ಒಂದು ನಡುಗಡ್ಡೆ ಇತ್ತು. ಪುಟ್ಟದು. ತೆಂಕಣ ತುದಿಯಲ್ಲಿ ಮಂಡಿಯೂರಿದ ಆನೆಯಂಥ ಬಂಡೆ. ಪಡುವಣ ತುದಿಯಲ್ಲಿ ಗುಂಯ್‌ಗುಡುವ ಗವಿ. ನಟ್ಟನಡುವೆ ಒಂದು ಬಾವಿ. ಸುತ್ತ ಅಷ್ಟು ಉಪ್ಪು ಕಡಲು, ನಡುವೆ ಎಳನೀರಿನಂಥ ನೀರು! ಊರಿಗೆಲ್ಲ ಅದೊಂದೇ ಬಾವಿ.

ಆಮೇಲೆ ಒಂದು ಗೋಡೆ. ಗವಿಗೂ ಬಾವಿಗೂ ನಡುವೆ ಆಳೆತ್ತರದ ಕಲ್ಲುಗೋಡೆ. ಬಾಗಿಲಿಲ್ಲ, ಸೂರಿಲ್ಲ, ಹಿಂದೆ ಮನೆಯಿಲ್ಲ, ಮುಂದೆ ಗುಡಿಯಿಲ್ಲ. ಸುಮ್ಮನೆ ಶುರುವಾಗಿ ಸುಮ್ಮನೆ ಮುಗಿಯುವ ಗೋಡೆ. ಊರವರು ಅದಕ್ಕೆ ಹುಚ್ಚುಗೋಡೆ ಅನ್ನುತ್ತಿದ್ದರು.

ಆ ಊರಿಗೆ ಸೋಮಿ ಎಂಬ ಹೆಣ್ಣು ಸೊಸೆಯಾಗಿ ಬಂದಳು. ಹೊಳೆ ದಾಟಿಸುವ ಅಂಬಿಗರ ಮಗಳು. ಗಂಡ ಜಟ್ಟ ಮೀನು ಹಿಡಿಯುವವನು, ಮಾತು ಕಡಿಮೆ. ಅತ್ತೆ ದುರ್ಗಮ್ಮ, ಮಗನ ಪಾಲಿನ ಮಾತನ್ನೂ ತಾನೇ ಆಡುವವಳು. ಸೋಮಿಗೆ ಒಂದು ಚಾಳಿ. ಏನು ಕಂಡರೂ ಕೇಳಬೇಕು. ಕೇಳಿದರೆ ಸಾಲದು, ಮುಟ್ಟಿ ನೋಡಬೇಕು.

ನೀರು ಸೇದಲು ಹೋದ ಮೊದಲ ದಿನವೇ ಕೇಳಿದಳು, "ಅತ್ತೆ, ಆ ಗೋಡೆ ಯಾಕೆ?"

"ಅದಾ? ಒಬ್ಬ ರಕ್ಕಸ ಕಟ್ಟಿದ್ದು ಮಾರಾಯ್ತಿ. ಬೆಳಗಾಗುವುದರೊಳಗೆ ಕೋಟೆ ಕಟ್ಟಿದರೆ ಹೆಣ್ಣು ಕೊಡ್ತೇವೆ ಅಂದರಂತೆ. ಇಷ್ಟು ಕಟ್ಟುವಾಗ ಕೋಳಿ ಕೂಗಿತು."

ಸೋಮಿ ಗೋಡೆಯ ಹತ್ತಿರ ಹೋಗಿ ನೋಡಿದಳು. ದೊಡ್ಡ ಕಲ್ಲುಗಳ ಸಂದಿಗೆ ಬೆರಳುಗಾತ್ರದ ಚಕ್ಕೆ ತುರುಕಿತ್ತು. ರಕ್ಕಸನ ಕೈಗೆ ಇಷ್ಟು ಸಣ್ಣ ಚಕ್ಕೆ ಸಿಕ್ಕೀತೇ? ನೀವೇ ಹೇಳಿ.

ಬಲೆ ನೇಯುತ್ತಿದ್ದ ಮುದುಕನನ್ನು ಕೇಳಿದಳು. "ಹಡಗಿನ ಕಳ್ಳರನ್ನು ತಡೆಯಲಿಕ್ಕೆ ಕಟ್ಟಿದ್ದು ಮಗಾ," ಅಂದ ಅವನು. ಸೋಮಿ ಮತ್ತೆ ಹೋಗಿ ನೋಡಿದಳು. ಗೋಡೆಯ ಎರಡು ತುದಿಯಲ್ಲೂ ಬಂಡೆ, ಬಂಡೆ ಹತ್ತಿದರೆ ಊರು. ಕಳ್ಳರು ಬಂಡೆ ಹತ್ತಲಾರರೇ?

ಗುಡಿಯ ಪೂಜಾರಿಯನ್ನು ಕೇಳಿದಳು. "ಯಾವುದೋ ರಾಣಿ ಗಂಡನ ಮೇಲೆ ಮುನಿದು ಕಟ್ಟಿಸಿದಳು. ಅವನ ಮುಖ ಕಾಣಬಾರದು ಅಂತ."

ಈ ಕಥೆ ಸೋಮಿಗೆ ಬಹಳ ಹಿಡಿಸಿತು. ಆದರೂ ಹೋಗಿ ನೋಡಿದಳು. ಈ ಸಲ ಬಂಡೆ ಹತ್ತಿ ಆಚೆಗೆ ಇಳಿದಳು. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ, ಹೋಗಲಿಕ್ಕೆ ಕೆಲಸವೂ ಇರಲಿಲ್ಲ. ಗವಿಯ ಬಾಯಿಂದ ಗೋಡೆಯ ಬುಡದವರೆಗೆ ಒಂದು ಒಣಕೊರಕಲು. ಕಡಲು ಎಲ್ಲೋ ಕೆಳಗೆ. ಆದರೆ ಕೇಳಿ, ಗೋಡೆಯ ಸಂದಿಯಲ್ಲಿ ಅವಳ ಎದೆಯೆತ್ತರಕ್ಕೆ ಏನು ಸಿಕ್ಕಿಕೊಂಡಿತ್ತು ಗೊತ್ತೇ? ಒಣಗಿದ ಕಡಲಪಾಚಿ. ಮುರಿದ ಚಿಪ್ಪು. ಹಳೇ ಬಲೆಯ ಒಂದು ತುಂಡು. ಈಚೆ ಬದಿಯಲ್ಲಿ ಇದೊಂದೂ ಇಲ್ಲ, ಬರೀ ಹುಲ್ಲು.

ಕಡಲಪಾಚಿಗೆ ಕಾಲು ಬಂತೇ? ಬಲೆ ತಾನೇ ನಡೆದು ಬಂತೇ?

"ಹಕ್ಕಿ ತಂದಿರಬೇಕು," ಅಂದಳು ಅತ್ತೆ. "ಗಾಳಿ," ಅಂದ ಜಟ್ಟ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಅದೇ ಬೇಸಗೆಯಲ್ಲಿ ಊರಿನ ಗುರಿಕಾರ ಕುಪ್ಪಯ್ಯ ಎಲ್ಲರನ್ನೂ ಸೇರಿಸಿದ. ಕುಪ್ಪಯ್ಯ ಕೆಟ್ಟವನಲ್ಲ, ಊರ ಕೆಲಸಕ್ಕೆ ಮುಂದೆ ನಿಲ್ಲುವವನು. "ದೋಣಿ ತಂದು ಕಟ್ಟಿಹಾಕಲಿಕ್ಕೆ ದಡದಲ್ಲಿ ಒಂದು ಒಳ್ಳೆ ಕಲ್ಲಿನ ಧಕ್ಕೆ ಬೇಕು. ಕಲ್ಲು ಬೇರೆಲ್ಲಿಂದಲೋ ಯಾಕೆ ತರುವುದು? ಆ ಹುಚ್ಚುಗೋಡೆ ಸುಮ್ಮನೆ ಬಿದ್ದಿದೆಯಲ್ಲ!"

ಸೋಮಿ ಹೆಂಗಸರ ನಡುವಿಂದ ಎದ್ದಳು. "ಗುರಿಕಾರ್ರೆ, ಗೋಡೆ ಯಾಕಿದೆ ಅಂತ ತಿಳಿಯುವವರೆಗೆ ಮುಟ್ಟುವುದು ಬೇಡ."

"ಮತ್ತೆ ಯಾಕಿದೆ? ನೀನೇ ಹೇಳು."

"ನನಗೆ ಗೊತ್ತಿಲ್ಲ."

ಜನ ಗೊಳ್ಳೆಂದು ನಕ್ಕರು. ಕುಪ್ಪಯ್ಯನೂ ನಕ್ಕ. "ಹೊಳೆಯ ಹೆಣ್ಣು ನೀನು. ಕಡಲು ಇನ್ನೂ ಹೊಸತು. ಕೂತ್ಕೋ ತಂಗಿ."

ಸೋಮಿಯ ಮುಖ ಕೆಂಪಾಯಿತು. ಕೂತಳು. ಗೋಡೆಯ ನಡುಭಾಗ ಕೆಡವಿದರು, ಕಲ್ಲು ಹೊತ್ತರು, ಧಕ್ಕೆ ಕಟ್ಟಿದರು. ಧಕ್ಕೆ ಚೆಂದವೇ ಆಯಿತು, ಸುಳ್ಳು ಯಾಕೆ ಹೇಳಲಿ?

ಮಳೆಗಾಲ ಬಂತು. ದೋಣಿಗಳನ್ನೆಲ್ಲ ಮೇಲೆಳೆದು ತೆಂಗಿನ ಮಡಲು ಹೊದಿಸಿದರು. ಊರೆಲ್ಲ ಒಲೆಯ ಮುಂದೆ. ಸೋಮಿಯ ತಲೆಯಲ್ಲಿ ಮಾತ್ರ ಅದೇ ಪಾಚಿ, ಅದೇ ಚಿಪ್ಪು. ಅಮಾವಾಸ್ಯೆಯ ದಿನ, ಉಬ್ಬರ ಏರುವ ನಡುಮಧ್ಯಾಹ್ನ, ತಾಳೆಗರಿಯ ಗೊರಬು ತಲೆಗೆ ಹಾಕಿಕೊಂಡು ಹೊರಟಳು.

"ಎಲ್ಲಿಗೆ?"

"ಗೋಡೆಯ ಆಚೆ ಏನಾಗ್ತದೆ ಅಂತ ನೋಡಿ ಬರ್ತೇನೆ ಅತ್ತೆ."

"ಈ ಮಳೆಯಲ್ಲಾ? ನಿನಗೆ ಹುಚ್ಚು!" ದುರ್ಗಮ್ಮ ಬೈದಳು. ಬೈಯುತ್ತಲೇ ತನ್ನ ಗೊರಬನ್ನೂ ತೆಗೆದುಕೊಂಡಳು. ದಾರಿಯುದ್ದಕ್ಕೂ ಬೈದಳು. ಬಂಡೆ ಹತ್ತುವಾಗಲೂ ಬೈದಳು. ಹತ್ತಿ ನಿಂತವಳು ಬಾಯಿ ಮುಚ್ಚಿದಳು.

ಕೆಳಗೆ ಒಂದು ಅಲೆ ಬಂತು. ಗವಿಯೊಳಗೆ ನುಗ್ಗಿತು. ಗವಿ ಗುಂಯ್ ಅಂದಿತು. ಇನ್ನೊಂದು ಬಂತು, ಮೊದಲನೆಯದನ್ನು ಒಳಗೆ ದೂಡಿತು. ಗವಿ ಗುಡುಗಿತು. ಮೂರನೆಯದು ಬಂತು ನೋಡಿ, ಅಬ್ಬಬ್ಬಾ! ಹಿಂದೆ ಹೋಗಲು ಜಾಗವಿಲ್ಲದ ನೀರೆಲ್ಲ ಕೊರಕಲಿಗೆ ಉಕ್ಕಿತು. ಬುಸುಗುಡುತ್ತ ಮೇಲೇರಿತು. ಕೆಡವಿದ ಜಾಗದಿಂದ ಊರ ಕಡೆಗೆ ಹರಿಯಿತು. ನೊರೆ ಹೋಗಿ ಬಾವಿಕಟ್ಟೆಗೆ ಬಡಿಯಿತು.

"ಅಯ್ಯೋ ನಮ್ಮ ನೀರು!" ದುರ್ಗಮ್ಮ ಇಳಿದು ಓಡಿದಳು. ಆ ವಯಸ್ಸಿನಲ್ಲಿ ಆ ಓಟ! ಮನೆಮನೆಯ ಬಾಗಿಲು ಬಡಿದಳು. ಗಂಡಸರು ಬಂದರು. ಕಲ್ಲು ಇಟ್ಟರೆ ಕಲ್ಲನ್ನು ನೀರು ಉರುಳಿಸಿತು. ಮರಳು ಸುರಿದರೆ ಮರಳನ್ನು ಕೊಂಡುಹೋಯಿತು.

ಸೋಮಿ ಕೂಗಿದಳು, "ದೋಣಿ! ದೋಣಿ ಅಡ್ಡ ಹಾಕಿ!"

ಹತ್ತಿರ ಇದ್ದದ್ದು ಒಂದೇ ದೋಣಿ. ಕುಪ್ಪಯ್ಯನದು. ಹೊಸತು, ಇನ್ನೂ ಎಣ್ಣೆಯ ವಾಸನೆ ಆರಿರಲಿಲ್ಲ. ಎಲ್ಲರೂ ಅವನ ಮುಖ ನೋಡಿದರು. ಅವನು ದೋಣಿ ನೋಡಿದ. ಬಾವಿ ನೋಡಿದ. ಕೊನೆಗೆ ಮಡಲು ಕಿತ್ತೆಸೆದು ತಾನೇ ಮೊದಲು ಹೆಗಲು ಕೊಟ್ಟ. "ಏನು ನೋಡ್ತೀರಿ? ಎತ್ತಿ!"

ದೋಣಿಯನ್ನು ಪಕ್ಕಕ್ಕೆ ಮಗುಚಿ ಸಂದಿಗೆ ಅಡ್ಡ ನಿಲ್ಲಿಸಿದರು. ಎಲ್ಲರೂ ಬೆನ್ನು ಕೊಟ್ಟರು. ಅಲೆ ಬಂದು ಹೊಡೆದಾಗ ಹಲಗೆ ಲಟಕ್ಕೆಂದಿತು. ಕುಪ್ಪಯ್ಯ ಕಣ್ಣು ಮುಚ್ಚಿಕೊಂಡ. ದೋಣಿ ನಿಂತಿತು. ಇಳಿತ ಬರುವವರೆಗೆ ಅಲ್ಲಾಡದೆ ನಿಂತರು.

ನೀರು ಇಳಿದ ಮೇಲೆ ಕುಪ್ಪಯ್ಯನೇ ಬಾವಿಗೆ ಕೊಡ ಬಿಟ್ಟ. ಬೊಗಸೆ ಕುಡಿದು ಉಗುಳಿದ. ಉಪ್ಪು.

ಸೋಮಿಯ ಎದುರಿಗೆ ಬಂದು ನಿಂತ. "ತಂಗಿ, ಅವತ್ತು ನಕ್ಕೆ. ತಪ್ಪಾಯ್ತು. ಈಗ ಏನು ಮಾಡೋಣ?"

"ಅವತ್ತಿನ ಹಾಗೇ ಗುರಿಕಾರ್ರೆ. ನನಗೆ ಗೊತ್ತಿಲ್ಲ. ಆದರೆ ಬಾವಿ ಖಾಲಿ ಮಾಡಿ ನೋಡಬಹುದು."

ಈ ಸಲ ಯಾರೂ ನಗಲಿಲ್ಲ. ಧಕ್ಕೆಯ ಕಲ್ಲು ಕಿತ್ತು ಗೋಡೆಗೆ ಹೊತ್ತರು. ಬಾವಿಯ ನೀರು ಸೇದಿ ಚೆಲ್ಲಿದರು. ಊರಿದಷ್ಟನ್ನೂ ಮತ್ತೆ ಸೇದಿ ಚೆಲ್ಲಿದರು. ಅಲ್ಲಿಯವರೆಗೆ ಸೂರಿನಿಂದ ಸುರಿದ ಮಳೆನೀರು ಹಿಡಿದು ಕುಡಿದರು. ಬಾವಿ ಬರಿದಾಗಿ ತಳ ಕಂಡಾಗ, ಯಾವ ಕಾಲದಲ್ಲಿ ಬಿದ್ದದ್ದೋ, ಕೆಸರಲ್ಲಿ ಒಂದು ಚಪ್ಪಟೆ ಕಲ್ಲು ಸಿಕ್ಕಿತು. ಹಗ್ಗ ಕಟ್ಟಿ ಮೇಲೆ ತಂದರು. ಸೋಮಿ ಸೆರಗಿನಿಂದ ಒರೆಸಿದಳು.

ಕಲ್ಲಲ್ಲಿ ಒಬ್ಬ ಹೆಂಗಸು. ಸೊಂಟದಲ್ಲಿ ಕೊಡ. ಇನ್ನೊಂದು ಕೈ ಮುಂದೆ ಚಾಚಿದ್ದಾಳೆ, ಅಂಗೈ ಅಗಲಿಸಿ. ಅಂಗೈಯ ಎದುರಿಗೆ ಒಂದು ಅಲೆ, ಸುರುಳಿ ಸುತ್ತಿ ನಿಂತಿದೆ. ಹೆಸರಿಲ್ಲ, ಅಕ್ಷರವಿಲ್ಲ.

ಪೂಜಾರಿ ಕೈಮುಗಿದ. "ಯಾರಿರಬಹುದು?" ಎಂದ ಕುಪ್ಪಯ್ಯ.

"ತಿರುಗಿಸಿ ನೋಡೋಣ," ಎಂದಳು ಸೋಮಿ.

ತಿರುಗಿಸಿದರು. ಹಿಂಬದಿಯಲ್ಲಿ ಏನಿತ್ತು ಹೇಳಿ? ನಟ್ಟನಡುವೆ ಒಂದು ತಗ್ಗು. ನುಣ್ಣಗೆ ಸವೆದ ತಗ್ಗು. ಹೆಂಗಸರಿಗೆ ಕಂಡ ಕೂಡಲೇ ಗೊತ್ತಾಯಿತು, ಗಂಡಸರಿಗೆ ತಡವಾಯಿತು. ಗೋಡೆ ಕಟ್ಟಿದವಳನ್ನು ಊರು ಮರೆತಿತ್ತು. ಮರೆತು, ಅವಳನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ಎಷ್ಟೋ ತಲೆಮಾರು ಮಸಾಲೆ ಅರೆದಿತ್ತು.

ಕುಪ್ಪಯ್ಯ ತಲೆ ತಗ್ಗಿಸಿದ. ದುರ್ಗಮ್ಮ ಕಲ್ಲಿನ ಪಕ್ಕ ಕೂತು ಆ ತಗ್ಗನ್ನು ಕೈಯಿಂದ ಸವರಿದಳು.

"ಇರಲಿ ಬಿಡಿ," ಎಂದಳು. "ಅವಳು ಉಳಿಸಿದ ನೀರಲ್ಲೇ ಅರೆದದ್ದಲ್ಲವಾ? ಉಂಡವರೂ ಅವಳ ಮಕ್ಕಳೇ. ಅವಳಿಗೆ ಬೇಜಾರಾಗಿರಲಿಕ್ಕಿಲ್ಲ."

ಮಳೆ ಹಿಡಿದು ಸುರಿಯಿತು, ಬಾವಿ ತುಂಬಿತು, ನೀರು ಸಿಹಿಯಾಯಿತು. ಆ ಕಲ್ಲನ್ನು ಗೋಡೆಯ ನಡುವೆ, ಮುಖ ಊರಿಗೂ ಬೆನ್ನು ಕಡಲಿಗೂ ಮಾಡಿ ಕೂರಿಸಿದರು.

ಅವರು ಅಲ್ಲಿ ತಣ್ಣಗೆ ನೀರು ಕುಡಿದರು, ನಾವು ಇಲ್ಲಿ ಬೆಚ್ಚಗೆ ಕಥೆ ಕುಡಿದೆವು. ನನ್ನ ಬಾಯಿ ಒಣಗಿತು, ಕಥೆ ಮುಗಿಯಿತು. ಹೂಂ ಅಂದವರ ಮನೆ ತಂಪಾಗಿರಲಿ.